ಬಾಂಬರ್ ದಳಗಳ ದಾಖಲೆಗಳೂ ಮೃತತಿಥಿನಿರ್ಣಯವೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಅವುಗಳ ನೆರೆಯಲ್ಲಿಯೂ ವೀರಗಲ್ಲುಗಳು ಹೇರಳವಾಗಿರುವುದು ವಾಚಕರಿಗೆ ತಿಳಿದ ಸಂಗತಿಯೇ. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಇವುಗಳಲ್ಲಿ ಅನೇಕವು ತಾಲ್ಲೂಕುವಾರು ಸೇರಿವೆ. ಈ ಜಾತಿಯ ಶಾಸನಗಳಿಗೆಲ್ಲ ಶಿರೋಮಣಿಯೆನಿಸಿದ ಬೇಗೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನು ಅಯ್ಯಪದೇವನ ಪಕ್ಷದಲ್ಲಿ ಬೀರಮಹೇಂದ್ರನ ಮೇಲೆ ಹೋದುದು, ತುಂಬೆಪಾಡಿಯಲ್ಲಿ ಆನೆಗಳ ನಡುವೆ ಹೋರಾಡಿ ಮಡಿದುದು, ಅದನ್ನು ಕೇಳಿ ಅರಸನು ಇರುಗನೆಂಬವನಿಗೆ ನಾಗತ್ತರಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟುದು, ಇವೆಲ್ಲವೂ ಅದರಲ್ಲಿ ಸ್ಪಷ್ಟವಾಗಿ ಹೇಳಲ್ಪಟ್ಟಿವೆ. ಸತ್ತವನಾರು, ಯಾರಿಗಾಗಿ ಸತ್ತನು, ಯಾರೊಡನೆ ಕಾದಿದನು, ಎಲ್ಲಿ, ಹೇಗೆ, ಆಮೇಲೆ ಅವನ ಸ್ಥಾನಕ್ಕೆ ಬಂದವರಾರು ಎಂಬ ಆರು ಪ್ರಶ್ನೆಗಳಿಗೂ ಅಲ್ಲಿ ಉತ್ತರವುಂಟು. ಎಂದು ಸತ್ತನೆಂಬ ಏಳನೆಯ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಗಂಗರ ಕಾಲದ ವೀರಗಲ್ಲುಗಳಲ್ಲಿ ಬಹುಭಾಗ ಹೀಗೆಯೇ. ಲಿಪಿಯನ್ನು ನೋಡಿ ಶತಮಾನವನ್ನು ಊಹಿಸಬೇಕೇ ಹೊರತು ಮಾಸ ಪಕ್ಷ ತಿಥಿಗಳು ದೊರೆಯುವುದಿಲ್ಲ.

ಇದಕ್ಕೆ ನೇರವಾಗಿ ತಿರುಗುಮುರುಗಾದ ಒಂದು ದಾಖಲೆಯ ಜಾತಿಯನ್ನು ಕುರಿತು ಈ ಲೇಖನವನ್ನು ಬರೆಯಬೇಕಾಗಿದೆ. ೧೯೩೯ರಿಂದ ೧೯೪೫ರವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಳಗಳಲ್ಲಿ ಸೇವೆ ಮಾಡಿದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಹಿರಿಯರ ವೃತ್ತಾಂತವನ್ನು ಹುಡುಕುವುದು ಈಚೆಗೆ ಹೆಚ್ಚಾಗಿದೆ. ಆ ದಳಗಳ ದಾಖಲೆಗಳಲ್ಲಿ ಗಂಟೆ ನಿಮಿಷಗಳ ಸಮೇತ ಕಾಲವು ದೊರೆಯುತ್ತದೆ. ಹೇಗೆ ಸತ್ತನೆಂಬುದು ಅನೇಕ ವೇಳೆ ದೊರೆಯುವುದಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಹುಡುಕಾಟವು ಮುಗಿದ ಮೇಲೆ ಆ ಕುಟುಂಬದವರು ಪಂಚಾಂಗ ಬಲ್ಲವರ ಬಳಿಗೇ ಬರುವರೆಂಬುದು ಅದಕ್ಕೆ ಉತ್ತರ. ಅವರಿಗೆ ಬೇಕಾದದ್ದು ಪದಕವಲ್ಲ, ತಿಥಿ. ಇಂಗ್ಲಿಷ್ ತಾರೀಖನ್ನು ಕಂಡ ಮಾತ್ರಕ್ಕೆ ತಿಥಿಯನ್ನು ಹೇಳಿಬಿಡುವುದು ಸುಲಭವಲ್ಲವೆಂಬುದನ್ನೂ, ಅದಕ್ಕೆ ಮುಂಚೆ ದಾಖಲೆಯನ್ನು ಶಾಸನದಂತೆ ಓದಬೇಕೆಂಬುದನ್ನೂ ತೋರಿಸುವುದೇ ಇಲ್ಲಿಯ ಉದ್ದೇಶ.

ಮೊದಲು ನಮ್ಮ ಸೀಮೆಗೂ ಬಾಂಬರ್ ದಳಗಳಿಗೂ ಇದ್ದ ಸಂಬಂಧವನ್ನು ನೋಡಬೇಕು. ಮನೆಗಳಲ್ಲಿ ಉಳಿದುಬಂದ ಐತಿಹ್ಯವು ಸಾಮಾನ್ಯವಾಗಿ ‘ತಾತ ಬಾಂಬರ್ ವಿಮಾನದಲ್ಲಿದ್ದರು’ ಎಂಬ ಒಂದೇ ವಾಕ್ಯ. ಈ ವಾಕ್ಯಕ್ಕೆ ನಾಲ್ಕು ಅರ್ಥಗಳಾಗಬಹುದು.

ಭಾರತೀಯ ವಾಯುದಳವು ೧೯೩೨ನೆಯ ಅಕ್ಟೋಬರ್ ೮ರಂದು ಸ್ಥಾಪಿತವಾಯಿತು. ಅದರ ಮೊದಲ ಸ್ಕ್ವಾಡ್ರನ್ನಿನ ಮೊದಲ ತುಕಡಿಯು ೧೯೩೩ರ ಏಪ್ರಿಲ್ ೧ರಂದು ಕರಾಚಿಯಲ್ಲಿ ನಾಲ್ಕು ವಿಮಾನಗಳೊಡನೆ ಮೊದಲಾಯಿತು. ನೆಲದ ಮೇಲೆ ಕೆಲಸ ಮಾಡುವವರನ್ನು ಆಗ ‘ಹವಾಯಿ ಸಿಪಾಯಿ’ಗಳೆನ್ನುತ್ತಿದ್ದರು. ಯುದ್ಧಕಾಲದಲ್ಲಿ ಈ ವಾಯುದಳದ ಸ್ಕ್ವಾಡ್ರನ್ನುಗಳಲ್ಲಿ ಬಾಂಬರ್ ಎಂಬ ಹೆಸರಿಗೆ ನಿಜವಾಗಿ ಅರ್ಹವಾದವು ಏಳನೆಯದು ಮತ್ತು ಎಂಟನೆಯದು. ಎರಡೂ ೧೯೪೨ರ ಡಿಸೆಂಬರಿನಲ್ಲಿ ಹುಟ್ಟಿದವು, ಒಂದು ವಿಶಾಖಪಟ್ಟಣದಲ್ಲಿ, ಮತ್ತೊಂದು ತಿರುಚಿನಾಪಳ್ಳಿಯಲ್ಲಿ. ಇವುಗಳಿಗೆ ದೊರೆತ ‘ವೆಂಜೆನ್ಸ್’ ವಿಮಾನವು ಅಮೆರಿಕದಲ್ಲಿ ತಯಾರಾದುದು, ಇಬ್ಬರು ಕೂಡುವಂಥದು, ಗುರಿಯ ಮೇಲೆ ಬಂದು ಮೂಗನ್ನು ಕೆಳಗೆ ಮಾಡಿ ಗಿಡುಗನಂತೆ ನೆಟ್ಟಗೆ ಎರಗಿ ಬಾಂಬನ್ನು ಬಿಡುವುದು ಅದರ ಕ್ರಮ. ಎಂಟನೆಯ ದಳವು ೧೯೪೩ರ ಕೊನೆಯಿಂದ ಅರಕಾನಿನ ಕಡೆಯಲ್ಲಿಯೂ, ಏಳನೆಯದು ೧೯೪೪ರ ಮಾರ್ಚಿಯಿಂದ ಅಸ್ಸಾಮಿನ ಸಿಲ್ಚರಿನ ಸಮೀಪದ ನೆಲೆಯಿಂದ ಇಂಫಾಲ ಕೊಹಿಮಾಗಳ ಕಡೆಯಲ್ಲಿಯೂ ಕಾದಿದವು. ಅದೇ ವರ್ಷದೊಳಗೆ ಎರಡು ದಳಗಳಿಗೂ ಬೇರೆ ವಿಮಾನಗಳು ಬಂದವು. ಮುಂದೆ ವಾಯುಸೇನೆಯ ಮುಖ್ಯಸ್ಥರಾದ ಪಿ. ಸಿ. ಲಾಲ್ ಅವರು ಈ ಏಳನೆಯ ದಳದವರೇ. ಆದುದರಿಂದ ತಾತನು ‘ಭಾರತೀಯ ವಾಯುದಳದ ಬಾಂಬರಿನಲ್ಲಿ’ ಬರ್ಮಾ ಯುದ್ಧದಲ್ಲಿದ್ದನೆಂಬ ಮಾತಿಗೆ ಈ ಎರಡು ದಳಗಳನ್ನು ಮೊದಲು ನೋಡತಕ್ಕದ್ದು. ಇಬ್ಬರು ಹಾರಬೇಕಾದರೆ ಅವರ ಹಿಂದೆ ನೆಲದ ಮೇಲೆ ಹಲವರು ಇರಲೇಬೇಕಾದುದರಿಂದ, ಹಾರಿದವನ ಹೆಸರು ಸಿಕ್ಕದಿದ್ದರೆ ನೆಲದವರ ಪಟ್ಟಿಯನ್ನು ನೋಡುವುದು ಯುಕ್ತ.

ಎರಡನೆಯದಾಗಿ, ಬ್ರಿಟಿಷ್ ರಾಯಲ್ ಏರ್ ಫೋರ್ಸಿನ ದಳಗಳು. ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹಾರುತ್ತಿದ್ದ ಬಾಂಬರ್ ಕಮಾಂಡಿನಲ್ಲಿ ಸುಮಾರು ೧,೨೫,೦೦೦ ಮಂದಿ ಹಾರಾಟಗಾರರು ಸೇವೆ ಮಾಡಿದರು. ಅವರಲ್ಲಿ ೫೫,೫೭೩ ಮಂದಿ ಮಡಿದರು. ಅಲ್ಲಿ ಭಾರತೀಯರು ಅತ್ಯಲ್ಪ ಸಂಖ್ಯೆಯವರು. ಆದರೆ ಅದೇ ಏರ್ ಫೋರ್ಸಿನ ಬಾಂಬರ್ ದಳಗಳು ನಮ್ಮ ಬಾಗಿಲಿಗೇ ಬಂದಿದ್ದವೆಂಬುದನ್ನು ನಮ್ಮವರು ಮರೆತಿರುತ್ತಾರೆ. ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ಹೋಗುವ ದಾರಿಗಳು ಕವಲೊಡೆಯುವ ಸೀಮೆಯಲ್ಲಿರುವ ಯಲಹಂಕದ ಏರೋಡ್ರೋಮಿನಲ್ಲಿ ೧೯೪೪ರಲ್ಲಿ ಹೊಸ ವಿಮಾನಗಳನ್ನು ಅಭ್ಯಾಸ ಮಾಡಿಸುವ ಶಾಲೆಗಳಿದ್ದವು. ವೆಂಜೆನ್ಸನ್ನು ಬಿಟ್ಟು ‘ಮಾಸ್ಕಿಟೊ’ ಎಂಬ ಮರದ ಬಾಂಬರನ್ನು ಹತ್ತಬೇಕಾಗಿದ್ದ ನಲವತ್ತೈದನೆಯ ಸ್ಕ್ವಾಡ್ರನ್ ಆ ವರ್ಷದ ಮೊದಲ ತಿಂಗಳುಗಳನ್ನು ಅಲ್ಲಿಯೇ ಕಳೆಯಿತು. ಹೀಗಾಗಿ ಇಂಗ್ಲೆಂಡಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ತಾತನ ಹಾರಾಟದ ಪುಸ್ತಕವನ್ನು ಬಿಚ್ಚಿದ ಮೊಮ್ಮಗನಿಗೆ ‘ಯಲಹಂಕ’ವೆಂಬ ಉಚ್ಚರಿಸಲಾಗದ ಹೆಸರು ಎದುರಾಗುತ್ತದೆ. ಚೋಳರ ತಮಿಳು ಶಾಸನಗಳಲ್ಲಿ ‘ಇಲೈಪಾಕ್ಕ ನಾಡು’ ಎಂದಿರುವುದೇ ಈ ಸ್ಥಳವೆಂದು ವಿದ್ವಾಂಸರು ನಿರ್ಧರಿಸಲು ಎಷ್ಟು ಶ್ರಮಪಟ್ಟರೋ, ಗುಮಾಸ್ತರ ಕೈಯಲ್ಲಿ ನಾನಾ ರೂಪಗಳನ್ನು ತಾಳಿದ ಈ ಹೆಸರನ್ನು ಗುರುತಿಸಲು ಆ ಪರದೇಶದವರಿಗೂ ಅಷ್ಟೇ ಶ್ರಮವಾಗುವುದು ಸಹಜ.

ಮೂರನೆಯದು ಕಾರ್ಖಾನೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ೧೯೪೩ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಬಂದು, ಅದರ ವಿಮಾನಗಳನ್ನೂ ಎಂಜಿನುಗಳನ್ನೂ ದುರಸ್ತಿ ಮಾಡುವ ದೊಡ್ಡ ಶಾಲೆಯಾಯಿತು. ಅಲ್ಲಿ ದುಡಿದ ಸುತ್ತಣ ಊರುಗಳ ಜನರು ಬಾಂಬರುಗಳನ್ನು ಕೈಯಾರೆ ಮುಟ್ಟಿದವರೆಂಬುದು ನಿಜ. ಆದರೆ ಅವರು ಸಿಪಾಯಿಗಳಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿದ್ದಿದ್ದ ‘ಲಿಬರೇಟರ್’ ಎಂಬ ನಾಲ್ಕು ಎಂಜಿನುಗಳ ಭಾರಿ ಬಾಂಬರುಗಳನ್ನು ಇದೇ ಕಂಪನಿಯ ಜಂಷೆಡ್ ಮುನ್ಷಿಯವರು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವುಗಳಿಗೆ ಮರುಜೀವ ಬಂದಿತು. ೧೯೪೮ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಹುಟ್ಟಿದ ಐದನೆಯ ಸ್ಕ್ವಾಡ್ರನ್ನಿನ ವಿಮಾನಗಳು ಇವೇ. ಒಬ್ಬನು ೧೯೪೪ರಲ್ಲಿಯೂ ೧೯೪೮ರಲ್ಲಿಯೂ ಆ ಕಾರ್ಖಾನೆಯಲ್ಲಿ ದುಡಿದಿದ್ದರೆ, ಮನೆಯ ನೆನಪಿನಲ್ಲಿ ಎರಡು ಕಾಲಗಳೂ ಬೆರೆತು ‘ಯುದ್ಧದ ಬಾಂಬರ್’ ಎಂದಾಗುವುದುಂಟು.

ನಾಲ್ಕನೆಯದು ಬರಿಯ ಹೆಸರಿನಿಂದ ಹುಟ್ಟುವ ಭ್ರಾಂತಿ. ರಾಯಲ್ ಏರ್ ಫೋರ್ಸಿನ ೧೨೯ನೆಯ ಸ್ಕ್ವಾಡ್ರನ್ನಿಗೆ ‘ಮೈಸೂರು’ ಎಂಬ ನಾಮವಿತ್ತು. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವೇ ಇತ್ತು. ಇದನ್ನು ಕಂಡವನು ಮೈಸೂರಿನವರೇ ಅದರಲ್ಲಿ ಹಾರಿದರೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಆ ಹೆಸರು ಬಂದದ್ದು ಸಂಸ್ಥಾನವು ವಿಮಾನಗಳಿಗಾಗಿ ಕೊಟ್ಟ ಧನದ ಗೌರವಾರ್ಥ. ಅದು ೧೯೪೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ದಳ. ಸ್ಪಿಟ್‌ಫೈರ್ ವಿಮಾನಗಳದ್ದು, ಬಾಂಬರಲ್ಲ. ನಿಜಾಮರ ಧನದಿಂದ ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದಿನ ಹೆಸರು ಪಡೆದ ೧೧೦ನೆಯ ದಳವಾದರೋ ಬಾಂಬರ್ ದಳವೇ. ದಾನಶಾಸನದಲ್ಲಿ ದಾನಿಯ ಹೆಸರನ್ನು ಕಂಡು ಅವನನ್ನೇ ಅರ್ಚಕನೆಂದು ತಿಳಿಯುವವನಂತೆ ನಾವು ಆಗಬಾರದು.

ಈ ನಾಲ್ಕರಲ್ಲಿ ನಮ್ಮವನು ಯಾವುದಕ್ಕೆ ಸೇರಿದವನೆಂದು ನಿಶ್ಚಯಿಸುವ ಸಾಮಗ್ರಿ ಮೊದಲು ಮನೆಯಲ್ಲಿಯೇ ಇರುತ್ತದೆ. ಟ್ರಂಕಿನ ತಳದ ಪದಕವನ್ನು ಮುಂಭಾಗದಿಂದ ನೋಡಿ ಇಟ್ಟುಬಿಡುತ್ತಾರೆ. ಅದರ ಅಂಚನ್ನು ನೋಡಬೇಕು. ಬ್ರಿಟಿಷ್ ಸಿಪಾಯಿಗಳಿಗೆ ಈ ಯುದ್ಧದ ಪದಕಗಳನ್ನು ಹೆಸರು ಕೆತ್ತದೆಯೇ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ಅಂಚಿನ ಸುತ್ತಲೂ ಸಂಖ್ಯೆ, ದರ್ಜೆ, ಹೆಸರು, ಪಡೆ ಇವುಗಳನ್ನು ಕೆತ್ತಿಸಿದರು. ಒಂದು ಸಾಲಿನ ಈ ಶಾಸನದಲ್ಲಿ ಸೇವಾಸಂಖ್ಯೆಯೇ ಅತಿಮುಖ್ಯ. ಏಕೆಂದರೆ ಹೆಸರು ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಬರೆದದ್ದು; ನಾರಾಯಣಪ್ಪನು ನಾರಣಪ್ಪನಾಗಿರುವನು, ಊರಿನ ಹೆಸರೂ ತಂದೆಯ ಹೆಸರೂ ಒಂದೊಂದು ಅಕ್ಷರವಾಗಿ ಮುಂದೆ ನಿಂತಿರುವುವು. ದೊಡ್ಡಬಳ್ಳಾಪುರವನ್ನು ಆಗಿನ ಕಾಗದಗಳಲ್ಲಿ ‘ದೊಡ್‌ಬಳ್ಳಾಪುರ್’ ಎಂಬಂತೆಯೂ, ಹೊಸಕೋಟೆಯನ್ನು ‘ಹೊಸ್ಕೋಟ್’ ಎಂಬಂತೆಯೂ ಬರೆದಿರುತ್ತಾರೆ. ಬೆಂಗಳೂರು ಎಂಬ ಒಂದೇ ಶಬ್ದವೂ ಆ ಕಾಲದಲ್ಲಿ ಎರಡು ಆಡಳಿತಗಳನ್ನು ಸೂಚಿಸುತ್ತಿತ್ತು: ಜಿಲ್ಲೆಯು ಮೈಸೂರು ಸಂಸ್ಥಾನದ್ದು, ದಂಡಿನ ಪ್ರದೇಶವು ೧೯೪೭ರವರೆಗೆ ರೆಸಿಡೆಂಟರದು. ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯೆಂದು ಬೇರೆಯಾದುದು ೧೯೮೬ರಲ್ಲಾದುದರಿಂದ ಆ ಹೆಸರಿನಲ್ಲಿ ಹಳೆಯ ದಾಖಲೆಯನ್ನು ಹುಡುಕುವುದು ವ್ಯರ್ಥ.

ಪದಕಗಳ ಜಾತಿಯೂ ಸಾಕ್ಷ್ಯವೇ. ಬರ್ಮಾ ಸ್ಟಾರ್ ಎಂಬುದು ಇದ್ದರೆ ೧೯೪೧ರ ಡಿಸೆಂಬರ್ ೧೧ಕ್ಕೂ ೧೯೪೫ರ ಸೆಪ್ಟೆಂಬರ್ ೨ಕ್ಕೂ ನಡುವೆ ಆ ರಣಭೂಮಿಗೆ ಸೇರಿದ ಸೇವೆಯುಂಟು. ಸ್ಟಾರ್ ಯಾವುದೂ ಇಲ್ಲದೆ ಇಂಡಿಯಾ ಸರ್ವಿಸ್ ಮೆಡಲೂ ವಾರ್ ಮೆಡಲೂ ಮಾತ್ರ ಇದ್ದರೆ, ಅವನು ದೇಶದೊಳಗೆ ದುಡಿದವನೆಂದೇ ತಿಳಿಯಬೇಕು. ಯಾವ ಪದಕವೂ ಇಲ್ಲದೆ ಕಂಪನಿಯ ಬಿಲ್ಲೆ ಮಾತ್ರವಿದ್ದರೆ ಕಾರ್ಖಾನೆಯ ಕಡೆಗೆ ತಿರುಗತಕ್ಕದ್ದು. ಮನೆಯವರ ಮನಸ್ಸಿಗೆ ಇದು ಕಹಿಯಾಗಬಹುದು. ಆದರೆ ಇಲ್ಲದ ಸ್ಟಾರನ್ನು ಐತಿಹ್ಯವು ತೊಡಿಸಲಾರದು.

ಹಾರಿದವನಾಗಿದ್ದರೆ ಲಾಗ್ ಬುಕ್ ಎಂಬ ಹಾರಾಟದ ಲೆಕ್ಕಪುಸ್ತಕವಿರುತ್ತದೆ. ತಾರೀಖು, ವಿಮಾನದ ಜಾತಿ ಮತ್ತು ಸಂಖ್ಯೆ, ಚಾಲಕನ ಹೆಸರು, ತನ್ನ ಕರ್ತವ್ಯ, ಹಗಲು ಹಾರಿದ ಕಾಲ, ರಾತ್ರಿ ಹಾರಿದ ಕಾಲ ಇವು ಅದರ ಅಂಕಣಗಳು. ತಿಂಗಳಿಗೊಮ್ಮೆ ಮೇಲಧಿಕಾರಿಯು ಕೂಡಿಸಿ ರುಜು ಮಾಡಿರುವನು. ಶತ್ರುವಿನ ಮೇಲಣ ರಾತ್ರಿಯ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ವಾಡಿಕೆಯಿತ್ತು. ಒಬ್ಬನ ಪುಸ್ತಕವು ಅವನ ವೃತ್ತಾಂತವನ್ನಷ್ಟೇ ಹೇಳುತ್ತದೆ. ದಳದ ವೃತ್ತಾಂತವು ಬೇರೆ ಕಡೆ ಇದೆ. ಪ್ರತಿಯೊಂದು ಸ್ಕ್ವಾಡ್ರನ್ನೂ ೫೪೦ನೆಯ ಫಾರಮಿನಲ್ಲಿ ದಿನದಿನದ ಕಥೆಯನ್ನೂ, ೫೪೧ನೆಯ ಫಾರಮಿನಲ್ಲಿ ಒಂದೊಂದು ಹಾರಾಟದ ವಿವರವನ್ನೂ ಬರೆದಿಡಬೇಕಾಗಿತ್ತು. ರಾಯಲ್ ಏರ್ ಫೋರ್ಸ್ ದಳಗಳ ಈ ದಿನಚರಿಗಳು ಲಂಡನ್ನಿನ ಬಳಿಯ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಏರ್ ೨೭’ ಎಂಬ ಶ್ರೇಣಿಯಲ್ಲಿವೆ. ನೆಲೆಗಳವು ‘ಏರ್ ೨೮’ರಲ್ಲಿಯೂ, ತರಬೇತಿಯ ಶಾಲೆಗಳು ಮೊದಲಾದ ಬಿಡಿ ಘಟಕಗಳವು ‘ಏರ್ ೨೯’ರಲ್ಲಿಯೂ ಇವೆ. ಯಲಹಂಕದಲ್ಲಿ ಅಭ್ಯಾಸಕಾಲದಲ್ಲಿ ಸತ್ತವನನ್ನು ದಳದ ಪುಸ್ತಕದಲ್ಲಿ ಮಾತ್ರ ಹುಡುಕಿ ಬೇಸರಪಟ್ಟವರು ಈ ಕೊನೆಯ ಎರಡನ್ನು ಗಮನಿಸುವುದು ಒಳ್ಳೆಯದು. ನಮ್ಮ ವಾಯುದಳದ ನೆಲದ ಸೇವಕರ ಕಾಗದಗಳಿಗೆ ದೆಹಲಿಯ ವಾಯುಸೇನಾ ದಾಖಲೆ ಕಚೇರಿಗೆ ಬರೆಯಬೇಕು. ಅಲ್ಲಿಯೂ ಸಂಖ್ಯೆಯಿಲ್ಲದೆ ಹೋದರೆ ಬಾಗಿಲು ತೆರೆಯುವುದು ಕಷ್ಟ.

೫೪೧ನೆಯ ಫಾರಮಿನಲ್ಲಿ ಎರಡು ಅಂಕಣಗಳುಂಟು: ಮೇಲೆದ್ದ ಕಾಲ, ಇಳಿದ ಕಾಲ. ಮರಳದ ವಿಮಾನದ ಎದುರಿಗೆ ಮೊದಲನೆಯ ಅಂಕಣದಲ್ಲಿ ಗಂಟೆ ನಿಮಿಷಗಳಿರುತ್ತವೆ. ಎರಡನೆಯದರಲ್ಲಿ ಏನೂ ಇರುವುದಿಲ್ಲ. ವೀರಗಲ್ಲಿನಲ್ಲಿ ಕಾಳಗದ ಚಿತ್ರವಿರಬೇಕಾದ ಎಡೆಯಲ್ಲಿ ಇಲ್ಲಿರುವುದು ಬರಿದಾದ ಒಂದು ಚೌಕ. ಸಾವು ಸಂಭವಿಸಿದ್ದು ಆ ಮೇಲೆದ್ದ ಕಾಲಕ್ಕೂ, ವಿಮಾನದಲ್ಲಿದ್ದ ಎಣ್ಣೆ ತೀರಬೇಕಾದ ಕಾಲಕ್ಕೂ ನಡುವೆ ಎಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ. ದೇಹ ಸಿಕ್ಕದ ಹಾರಾಟಗಾರರ ಹೆಸರುಗಳನ್ನು, ಇಂಗ್ಲೆಂಡು ಮತ್ತು ಪಶ್ಚಿಮ ಯೂರೋಪಿನ ನೆಲೆಗಳಿಂದ ಹೋದವರಾದರೆ ೧೯೫೩ರಲ್ಲಿ ತೆರೆದ ರನ್ನಿಮೀಡಿನ ಸ್ಮಾರಕದಲ್ಲಿಯೂ, ಪೂರ್ವದೇಶಗಳಲ್ಲಿ ಹೋದವರಾದರೆ ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿಯೂ ಕೆತ್ತಿದ್ದಾರೆ. ಮೊದಲನೆಯದರಲ್ಲಿ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು, ಎರಡನೆಯದರಲ್ಲಿ ಭೂಸೇನೆಯವರೂ ಸೇರಿ ಇಪ್ಪತ್ತನಾಲ್ಕು ಸಾವಿರಕ್ಕೆ ಮೇಲ್ಪಟ್ಟು ಹೆಸರುಗಳಿವೆ. ದೇಹ ಸಿಕ್ಕಿ ದಹನಸಂಸ್ಕಾರವಾದವರಿಗೆ ಗೋರಿಯಿರುವುದು ಹೇಗೆ? ಬರ್ಮಾದ ಟೌಕ್ಯಾನಿನಲ್ಲಿ ತಮ್ಮ 'ಧರ್ಮದಂತೆ ದಹನವಾದ' ಸಾವಿರಕ್ಕೂ ಹೆಚ್ಚು ಮಂದಿಗೆಂದೇ ಪ್ರತ್ಯೇಕವಾದ ಸ್ಮಾರಕವಿದೆ. ಗೋರಿ ಕಾಣದೆ ‘ದಾಖಲೆಯೇ ಇಲ್ಲ’ವೆಂದು ಕೈಬಿಡುವವರು ಇದನ್ನು ತಿಳಿದಿರಬೇಕು.

ಬರಿದಾದ ಚೌಕವನ್ನು ತುಂಬುವ ಸಾಕ್ಷ್ಯವು ಕೆಲವು ವೇಳೆ ಎದುರುಪಕ್ಷದಲ್ಲಿರುತ್ತದೆ. ಚಾಲುಕ್ಯರ ಶಾಸನವನ್ನು ಪಲ್ಲವರ ಶಾಸನದೊಡನೆ ತಾಳೆ ನೋಡುವ ನಮಗೆ ಇದು ಹೊಸದಲ್ಲ. ಬಾಂಬರ್ ದಳದ್ದಲ್ಲದಿದ್ದರೂ, ಶತ್ರುವಿನ ವಿಮಾನನೆಲೆಯ ಮೇಲೆ ಬಾಂಬುದಾಳಿಗೆ ಹೋಗಿ ಮರಳದ ಕನ್ನಡನಾಡಿನ ವೀರನೊಬ್ಬನ ನಿದರ್ಶನವನ್ನು ಇಲ್ಲಿ ಹೇಳಬೇಕು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧದ ಮೇಲಣ ದಾಳಿಗೆ ಮೀಸಲಿನವರಾಗಿದ್ದು, ಒಂದು ವಿಮಾನವು ಹಿಂದೆ ಸರಿದುದರಿಂದ ಆ ಸ್ಥಾನದಲ್ಲಿ ಹೋದರು. ನಮ್ಮ ದಾಖಲೆಯಲ್ಲಿ ಅವರು ‘ಕಾಣೆಯಾದವರು’ ಅಷ್ಟೆ. ೧೯೭೯ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದ ಪಕ್ಷದಿಂದ ಬರೆದ ಯುದ್ಧವೃತ್ತಾಂತವು ಹೊರಬಿದ್ದಾಗ, ಅಂದು ಅವರ ಸ್ಟಾರ್‌ಫೈಟರ್ ವಿಮಾನವೊಂದನ್ನು ಅದಕ್ಕಿಂತ ಬಹು ನಿಧಾನವಾದ ಭಾರತೀಯ ಮಿಸ್ಟೇರ್ ಕೆಡವಿತೆಂಬ ಸಂಗತಿ ತಿಳಿಯಿತು. ಅಂದಿನ ದಾಳಿಯ ನಾಯಕರಾಗಿದ್ದ ತನೇಜಾ ಅವರು ಮರಳಿದವರನ್ನೆಲ್ಲ ಎಣಿಸಿ, ಉಳಿದವರು ದೇವಯ್ಯನವರೊಬ್ಬರೇ ಎಂದು ನಿರ್ಧರಿಸಿದರು. ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ, ಮಹಾವೀರಚಕ್ರವು ಬಂದಿತು. ನ್ಯಾಯಶಾಸ್ತ್ರದಲ್ಲಿ ಇದನ್ನು ಪರಿಶೇಷಾನುಮಾನವೆನ್ನುತ್ತಾರೆ. ಶತ್ರುವು ತನ್ನ ನಷ್ಟವನ್ನು ತಾನೇ ಒಪ್ಪಿ ಹೇಳಿದ ಮಾತಿಗಿಂತ ಬಲವಾದ ಆಪ್ತವಾಕ್ಯ ಇಂಥಲ್ಲಿ ದುರ್ಲಭ.

ಇನ್ನು ತಿಥಿಯ ವಿಷಯ. ಸೂರ್ಯಚಂದ್ರರ ಅಂತರದಿಂದ ಹುಟ್ಟುವ ತಿಥಿಯು ಭೂಮಂಡಲದಲ್ಲೆಲ್ಲ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಬೇರೆಯಾಗುವುದು ಗಡಿಯಾರ ಮಾತ್ರ. ಆದುದರಿಂದ ದಾಖಲೆಯ ಗಂಟೆ ಯಾವ ಗಡಿಯಾರದ್ದೆಂದು ಮೊದಲು ಕೇಳಬೇಕು. ಯುದ್ಧಕಾಲದಲ್ಲಿ, ೧೯೪೨ನೆಯ ಸೆಪ್ಟೆಂಬರ್ ೧ರಿಂದ ೧೯೪೫ನೆಯ ಅಕ್ಟೋಬರ್ ೧೫ರವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಗ್ರೀನಿಚ್ಚಿಗೆ ಐದೂವರೆಯ ಬದಲು ಆರೂವರೆ ಗಂಟೆ ಮುಂದೆ. ಇಂಗ್ಲೆಂಡಿನಲ್ಲಿ ಬೇಸಗೆಯಲ್ಲಿ ಎರಡು ಗಂಟೆ ಮುಂದಿಟ್ಟಿದ್ದರು. ಇದನ್ನು ಈಗಿನವರು ಮರೆತಿರುವುದರಿಂದ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಗಣಿಸಿ ತೋರಿಸುತ್ತೇನೆ.

೧೯೪೪ನೆಯ ಏಪ್ರಿಲ್ ೮, ಶನಿವಾರ. ಕೊಹಿಮಾ ಮುತ್ತಿಗೆಯ ದಿನಗಳು. ತಾರಣ ಸಂವತ್ಸರದ ಚೈತ್ರ ಶುದ್ಧ ಪೂರ್ಣಿಮೆ. ದೃಗ್ಗಣಿತದಂತೆ ಪೂರ್ಣಿಮೆಯು ಗ್ರೀನಿಚ್ ಕಾಲ ಸಾಯಂಕಾಲ ೫ ಗಂಟೆ ೨೨ ನಿಮಿಷಕ್ಕೆ ಮುಗಿಯಿತು. ಇಂದಿನ ನಮ್ಮ ಗಡಿಯಾರದಲ್ಲಿ ಅದು ರಾತ್ರಿ ೧೦ ಗಂಟೆ ೫೨ ನಿಮಿಷ. ಅಂದಿನ ಯುದ್ಧಕಾಲದ ಗಡಿಯಾರದಲ್ಲಿ ೧೧ ಗಂಟೆ ೫೨ ನಿಮಿಷ. ಆ ರಾತ್ರಿ ಹನ್ನೊಂದೂವರೆಗೆ ಒಬ್ಬನು ಮಡಿದನೆಂದು ದಾಖಲೆಯಲ್ಲಿದೆಯೆಂದು ಕಲ್ಪಿಸೋಣ. ಅದು ಭಾರತದ ಅಂದಿನ ಗಡಿಯಾರವಾದರೆ ಅವನ ಮೃತತಿಥಿ ಪೂರ್ಣಿಮೆ. ಮುಂದಿಟ್ಟ ಒಂದು ಗಂಟೆಯನ್ನು ತಿಳಿಯದೆ ಲೆಕ್ಕ ಹಾಕಿದವನಿಗೆ ಅದು ಬಹುಳ ಪಾಡ್ಯಮಿಯಾಗಿ ಕಾಣುವುದು. ಶ್ರಾದ್ಧವು ಪಕ್ಷವನ್ನೇ ದಾಟಿ ಹೋಗುವುದು. ಅದೇ ಹನ್ನೊಂದೂವರೆಯನ್ನು ಇಂಗ್ಲೆಂಡಿನ ನೆಲೆಯಲ್ಲಿ ಬರೆದಿದ್ದರೆ ಗ್ರೀನಿಚ್ಚಿನಲ್ಲಿ ರಾತ್ರಿ ಒಂಬತ್ತೂವರೆ, ನಮ್ಮಲ್ಲಿ ಭಾನುವಾರ ಬೆಳಗಿನ ಜಾವ ಮೂರು ಗಂಟೆ, ನಿಸ್ಸಂದೇಹವಾಗಿ ಪಾಡ್ಯಮಿ. ಆದರೆ ಇಂಗ್ಲಿಷ್ ತಾರೀಖು ನಡುರಾತ್ರಿಗೆ ಮಗುಚುವುದೂ ನಮ್ಮ ವಾರವು ಸೂರ್ಯೋದಯಕ್ಕೆ ಮಗುಚುವುದೂ ಬೇರೆ ಬೇರೆಯಾದುದರಿಂದ ಆ ಮೂರು ಗಂಟೆ ನಮಗೆ ಇನ್ನೂ ಶನಿವಾರವೇ. ಅಂದಿನ ಅಚ್ಚಿನ ಪಂಚಾಂಗವು ಕೈಗೆ ಸಿಕ್ಕಿದರೆ ಈ ತೊಡಕು ಅರ್ಧ ಕಡಮೆಯಾಗುವುದು. ಅದರಲ್ಲಿ ತಿಥಿಯ ಅಂತ್ಯವನ್ನು ಸೂರ್ಯೋದಯದಿಂದ ಘಳಿಗೆಗಳಲ್ಲಿ ಕೊಟ್ಟಿರುತ್ತಾರೆ. ಮೇಲಿನ ಪೂರ್ಣಿಮೆಯು ಬೆಂಗಳೂರಿನ ಸೂರ್ಯೋದಯದಿಂದ ಸುಮಾರು ೪೧ ಘಳಿಗೆಗಳಿಗೆ ಮುಗಿಯುತ್ತದೆ. ಸಿದ್ಧಾಂತ ಪಂಚಾಂಗಗಳಲ್ಲಿ ಕೆಲವು ಘಳಿಗೆಗಳ ಅಂತರ ಬರಬಹುದು. ಮನೆಯವರು ಯಾವ ಪಂಚಾಂಗವನ್ನು ಅನುಸರಿಸುವರೋ ಅದೇ ಅವರಿಗೆ ಪ್ರಮಾಣ. ಪಂಚಾಂಗ ಸಿಕ್ಕದವರಿಗೆ ಸ್ವಾಮಿಕಣ್ಣು ಪಿಳ್ಳೆಯವರ ೧೯೧೧ರ ‘ಇಂಡಿಯನ್ ಕ್ರೊನಾಲಜಿ’ಯ ಕೋಷ್ಟಕಗಳು ಇಂದಿಗೂ ಸಹಾಯಕ.

ಕಾಲವೇ ದೊರೆಯದವರ ಗತಿ ಏನು? ಇದಕ್ಕೆ ನಮ್ಮ ನಿಬಂಧಕಾರರು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಕಮಲಾಕರ ಭಟ್ಟನ ‘ನಿರ್ಣಯಸಿಂಧು’ವನ್ನು ನೋಡಬಹುದು. ಮಾಸ ತಿಳಿದು ತಿಥಿ ತಿಳಿಯದಿದ್ದರೆ ಆ ಮಾಸದ ಅಮಾವಾಸ್ಯೆ. ತಿಥಿ ತಿಳಿದು ಮಾಸ ತಿಳಿಯದಿದ್ದರೆ ಮಾರ್ಗಶಿರ ಅಥವಾ ಮಾಘ. ಎರಡೂ ತಿಳಿಯದಿದ್ದರೆ ಪ್ರಸ್ಥಾನದ, ಎಂದರೆ ಹೊರಟುಹೋದ, ದಿನಮಾಸಗಳು. ಅದೂ ತಿಳಿಯದಿದ್ದರೆ ಸುದ್ದಿ ಕೇಳಿದ ದಿನ. ಏನೊಂದೂ ಸುದ್ದಿಯಿಲ್ಲದೆ ಹೋದವನಿಗೆ ಹನ್ನೆರಡು ವರ್ಷ ಕಾದು ಪ್ರತಿಕೃತಿದಹನ. ಕಾಶೀಯಾತ್ರೆಗೆ ಹೋದವನನ್ನೂ ಹಡಗನ್ನೇರಿದವನನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಈ ವ್ಯವಸ್ಥೆಯು ೫೪೧ನೆಯ ಫಾರಮಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದು ನೋಡತಕ್ಕದ್ದಾಗಿದೆ. ಇಳಿದ ಕಾಲವಿಲ್ಲದ ಆ ಸಾಲಿನಲ್ಲಿ ಉಳಿದಿರುವುದು ಪ್ರಸ್ಥಾನಕಾಲವೊಂದೇ ತಾನೆ? ಪ್ರಸ್ಥಾನವೆಂದರೆ ಮನೆಯಿಂದ ಹೊರಟ ದಿನವೇ ಎಂದು ಹಟ ಹಿಡಿಯುವವರಿದ್ದಾರೆ. ಸೈನ್ಯಕ್ಕೆ ಸೇರಿ ಮೂರು ವರ್ಷ ಕಾಗದ ಬರೆಯುತ್ತಿದ್ದವನಿಗೆ ಮನೆ ಬಿಟ್ಟ ದಿನವನ್ನು ಪ್ರಸ್ಥಾನವೆನ್ನುವುದು ಯುಕ್ತವಲ್ಲ. ಮತ್ತೆ ಸುದ್ದಿ ಬಾರದ ಹಾಗೆ ಹೊರಟದ್ದೇ ಪ್ರಸ್ಥಾನವೆಂದು ನನ್ನ ಮತ. ಸಂಜೆ ಹೊರಟು ಅದೇ ರಾತ್ರಿ ಮುಗಿದ ಹಾರಾಟದಲ್ಲಿ ಎಷ್ಟೋ ವೇಳೆ ಪ್ರಸ್ಥಾನತಿಥಿಯೂ ಮೃತತಿಥಿಯೂ ಒಂದೇ ಆಗಿರುವುವು.

ಸುದ್ದಿ ಕೇಳಿದ ದಿನದ ವಿಚಾರ ಇನ್ನೂ ಸೂಕ್ಷ್ಮವಾದುದು. ಅನೇಕ ಮನೆಗಳಲ್ಲಿ ಇರುವುದು ಒಂದು ತಂತಿ ಮಾತ್ರ. ಅದು ಬಂದ ದಿನವನ್ನೇ ಹಿಡಿದು ವಿಧವೆಯೂ ಮಕ್ಕಳೂ ಎಂಬತ್ತು ವರ್ಷ ಪಿತೃಕಾರ್ಯ ನಡೆಸಿಕೊಂಡು ಬಂದಿರುವರು. ಈಗ ಮೊಮ್ಮಗನು ದೂರದ ಪತ್ರಾಗಾರದಿಂದ ಬೇರೊಂದು ದಿನವನ್ನು ತಂದರೆ, ಅಜ್ಜಿಯು ಆಚರಿಸಿದ ತಿಥಿಯನ್ನು ಬಿಡಬಹುದೆ? ಬಿಡಬಾರದೆಂಬವರು ಸಂಪ್ರದಾಯವನ್ನು ಮುಂದಿಡುತ್ತಾರೆ. ಆದರೆ ಶ್ರವಣದಿನವು ಮೃತದಿನದ ಅಭಾವದಲ್ಲಿ ಮಾತ್ರ ವಿಹಿತವಾದ ಪ್ರತಿನಿಧಿ. ಮುಖ್ಯವು ದೊರೆತ ಮೇಲೆ ಪ್ರತಿನಿಧಿಯು ನಿವೃತ್ತವಾಗಲೇಬೇಕೆಂಬುದು ಮೀಮಾಂಸಕರ ನ್ಯಾಯ. ಹಿಂದೆ ನಡೆದದ್ದು ಲೋಪವಾಗಲಿಲ್ಲ. ಮುಂದೆ ನಡೆಯಬೇಕಾದುದು ನಿಜವಾದ ತಿಥಿಯಲ್ಲಿ. ಆದರೆ ಆ ನಿಜವು ಮೇಲೆ ಹೇಳಿದ ಪರೀಕ್ಷೆಗಳಲ್ಲಿ, ಅದರಲ್ಲಿಯೂ ಸೇವಾಸಂಖ್ಯೆಯ ಪರೀಕ್ಷೆಯಲ್ಲಿ, ನಿಂತಿರಬೇಕು. ಅದೇ ಹೆಸರಿನ ಬೇರೊಬ್ಬನ ದಿನಕ್ಕೆ ನಮ್ಮವನ ತಿಥಿಯನ್ನು ಸರಿಸುವುದಕ್ಕಿಂತ ತಂತಿಯ ದಿನವೇ ಮೇಲು. ಶ್ರಾದ್ಧದ ಪದ್ಧತಿಯಿಲ್ಲದೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವ ಮನೆಗಳಿಗೆ ಮಹಾಲಯ ಅಮಾವಾಸ್ಯೆಯೇ ಸಾಕಾದುದರಿಂದ ಈ ಸಂಕಟವಿಲ್ಲ. ಅವರೂ ದಿನವನ್ನು ಕೇಳಿಯೇ ಕೇಳುತ್ತಾರೆಂಬುದು ಬೇರೆ ಮಾತು.

ಕೊನೆಗೆ ಸಾವಿನ ಪ್ರಕಾರ. ಸಮ್ಮುಖಯುದ್ಧದಲ್ಲಿ ಶಸ್ತ್ರದಿಂದ ಹತನಾದವನಿಗೆ ಯಜ್ಞವೂ ಆಶೌಚವೂ ಕೂಡಲೇ ಮುಗಿಯುವುವೆಂದು ಮನುವಿನ ಐದನೆಯ ಅಧ್ಯಾಯದಲ್ಲಿದೆ. ಮಹಾಲಯದಲ್ಲಿ ಶಸ್ತ್ರಹತರಿಗೆ ಚತುರ್ದಶಿಯು ನಿಯತವಾಗಿದೆ. ಬೆಂಕಿ, ನೀರು, ಬೀಳುವುದು ಮೊದಲಾದವುಗಳಿಂದ ಆದ ದುರ್ಮರಣಕ್ಕೆ ನಾರಾಯಣಬಲಿಯನ್ನು ಹೇಳುತ್ತಾರೆ. ಬಾಂಬರಿನಲ್ಲಿ ಸತ್ತವನು ಯಾವ ವರ್ಗದವನು? ಶತ್ರುವಿನ ಗುಂಡಿನಿಂದ ವಿಮಾನಕ್ಕೆ ಉರಿ ಹತ್ತಿ ಬಿದ್ದವನನ್ನು, ಉರಿ ಮತ್ತು ಪತನಗಳು ನಡುವೆ ಬಂದರೂ, ಶಸ್ತ್ರಹತನೆಂದೇ ಗ್ರಹಿಸಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ, ಮೂಲಕಾರಣವು ಶಸ್ತ್ರವೇ. ಅಭ್ಯಾಸದಲ್ಲಿ ಸತ್ತವನದು ಕಠಿನ. ಯಲಹಂಕದಲ್ಲಿ ಕಲಿಸುತ್ತಿದ್ದ ಆ ಮಾಸ್ಕಿಟೊ ವಿಮಾನವು ಮರದ ಹಲಗೆಗಳನ್ನು ಅಂಟಿನಿಂದ ಕೂಡಿಸಿ ಮಾಡಿದುದು. ೧೯೪೪ರ ಕೊನೆಯಲ್ಲಿ ಭಾರತದಲ್ಲಿ ಕೆಲವು ವಿಮಾನಗಳ ರೆಕ್ಕೆಗಳು ಆಕಾಶದಲ್ಲಿಯೇ ಮುರಿದುದರಿಂದ ನವೆಂಬರಿನಲ್ಲಿ ಅವುಗಳ ಹಾರಾಟವನ್ನು ನಿಲ್ಲಿಸಿ ಪರೀಕ್ಷಿಸಿದಾಗ ಜೋಡಣೆಯಲ್ಲಿ ದೋಷವು ಕಂಡುಬಂದಿತು. ಶತ್ರುವಿನ ಮೇಲೆ ಹೊರಟಿದ್ದಾಗ ರೆಕ್ಕೆ ಮುರಿದರೆ ಅದು ರಣಮರಣವೆಂದು ಹೇಳಬಹುದು. ತಿರುಗಲು ಕಲಿಯುವಾಗ ಮುರಿದರೆ ಹೇಳುವುದಕ್ಕೆ ಆಧಾರ ಸಾಲದು, ಅಂಥವನಿಗೆ ಬಲಿಯನ್ನು ಮಾಡಿಸುವುದೇ ನಿಬಂಧಗಳಿಗೆ ಅನುಗುಣ. ಇವೆರಡರ ಭೇದವನ್ನು ತಿಳಿಸುವುದು ೫೪೧ನೆಯ ಫಾರಮಿನಲ್ಲಿ ‘ಕರ್ತವ್ಯ’ವೆಂಬ ಅಂಕಣದ ಒಂದೆರಡು ಶಬ್ದಗಳು. ದಾಖಲೆಯ ನಕಲನ್ನು ತರಿಸುವವರು ತಮ್ಮವನ ಹೆಸರಿರುವ ಸಾಲನ್ನಷ್ಟೇ ಕತ್ತರಿಸಿ ತರಿಸದೆ, ಆ ಅಂಕಣವೂ ಪುಟದ ತಲೆಯ ತಿಂಗಳು ವರ್ಷಗಳೂ ಸೇರುವಂತೆ ಇಡೀ ಹಾಳೆಯನ್ನು ತರಿಸಿಕೊಳ್ಳತಕ್ಕದ್ದು.